ಮುಂದಿನ ಸೀಟಿನ ಹರಕೆ

ನಮ್ಮ ಕುದೂರಿನಲ್ಲಿ ರಾಗಿ ಹಿಟ್ಟು ದಪ್ಪಗಾದರೆ ಅದಕ್ಕೆ ಹೊಣೆ ದೇವರಾಜುವಿನ ಕಾರು. ಇದು ನನ್ನ ಮಾತಲ್ಲ, ಊರಿನ ಮಾತು. ಹಿಟ್ಟಿನ ಮಿಷನ್ ನನ್ನದು. ದೇವರಾಜು ಹಾಲಿನ ಡೈರಿಯ ಸೆಕ್ರೆಟರಿ, ನನ್ನ ಪಕ್ಕದ ಮನೆಯವನು. ಅವನು ರಾಮನಗರದ ರೇಷ್ಮೆ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಂದಾಗ, ಮನೆಯ ಪ್ಲಗ್ಗಿಗೆ ಹಾಕಿದರೆ ಫ್ಯೂಸ್ ಹಾರುತ್ತದೆ ಎಂದು ನನ್ನ ಮಿಷನ್ ಶೆಡ್ಡಿನಲ್ಲೇ ಚಾರ್ಜಿಗೆ ಹಾಕತೊಡಗಿದ. ಮೊದಲು ಹಿಟ್ಟು ದಪ್ಪಗಾದರೆ ಜನ ನನ್ನನ್ನು ಬೈಯುತ್ತಿದ್ದರು. ಈಗ "ಕರೆಂಟೆಲ್ಲಾ ಆ ಕಾರೇ ಕುಡ್ಕೊಂಡ್ರೆ ಕಲ್ಲು ಹೆಂಗ್ಲಾ ತಿರುಗ್ತದೆ?" ಎಂದು ಅವನನ್ನು ಬೈಯುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಕಲ್ಲು ಸವೆದು ವರ್ಷವಾಯಿತು, ಅದನ್ನು ಹೇಳಿ ಒಳ್ಳೆಯ ಮಾತು ಯಾಕೆ ಕೆಡಿಸಬೇಕು?

ದೇವರಾಜು ಕೆಟ್ಟವನಲ್ಲ, ಗೊಂದಲದವನು. ದಿನಾ ಬೆಳಿಗ್ಗೆ ಸಂಜೆ ಹಾಲಿನ ಫ್ಯಾಟ್ ನೋಡಿ ನೋಡಿ ಅವನಿಗೆ ಪರ್ಸೆಂಟೇಜಿನ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ ಬೆಳೆದುಬಿಟ್ಟಿದೆ. ಕಾರಿನೊಳಗೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಪುಟ್ಟ ಪರದೆ ಇದೆಯಲ್ಲ, ಅದರ ಮುಂದೆಯೂ ಹಾಲಿನ ಕ್ಯಾನಿನ ಮುಂದೆ ನಿಂತವನಂತೆ ಹುಬ್ಬು ಗಂಟಿಕ್ಕಿಕೊಂಡು ಕೂರುತ್ತಾನೆ. ಹಾಲು ಹಾಕುವವರಿಗೆ ಇದನ್ನು ನೋಡಿ ಪರಮಾನಂದ. "ಡೈರೀಲಿ ನಮ್ ಹಾಲ್ಗೆ ಇವ್ನು ಕಮ್ಮಿ ತೋರಿಸ್ತಾನೆ, ಇವ್ನಿಗೆ ಕಾರು ಕಮ್ಮಿ ತೋರಿಸ್ತದೆ. ದೇವ್ರು ಅವ್ನೆ ಕಣ್ಲಾ!" ಎನ್ನುತ್ತಾರೆ.

ಈ ದೇವರಾಜುವಿಗೆ ಒಬ್ಬಳು ಹೆಂಡತಿ, ಲತಾಮಣಿ. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು, ಮಾತು ಕಡಿಮೆ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ಗಂಡನ ಹತ್ತಿರ ಇಂಥದ್ದು ಬೇಕು ಎಂದು ಕೇಳಿದವಳಲ್ಲ. ಕಾರು ಬಂದ ಮೇಲೆ ಒಂದು ದಿನ ಕೇಳಿದಳು.

"ಬೈಕಲ್ಲಿ ಕೂತ್ರೆ ನಿಮ್ ಬೆನ್ನು ಕಾಣ್ತದೆ. ಬಸ್ಸಲ್ಲಿ ಯಾರ್ದೋ ಹೊಟ್ಟೆ. ಕಾರಲ್ಲಿ ಅತ್ತೆ ತುರುಬು. ಮದ್ವೆ ದಿನದಿಂದ ನಾನು ರಸ್ತೇನ ಮುಂದ್ಗಡೆಯಿಂದ ನೋಡೇ ಇಲ್ಲ. ಒಂದೇ ಒಂದ್ಕಿತ ಮುಂದಿನ ಸೀಟಲ್ಲಿ ಕೂತ್ಕೊಂಡು, ನಾವಿಬ್ರೇ, ಒಂದು ಘಾಟಿ ಹತ್ತಬೇಕು. ತಿರುವು ತಿರುಗ್ದಾಗ ಮುಂದೆ ಏನ್ ಬತ್ತದೆ ಅಂತ ನಾನೂ ನೋಡ್ಬೇಕು."

ಅತ್ತೆಯ ತುರುಬಿನ ವಿಚಾರ ಸ್ವಲ್ಪ ಹೇಳಬೇಕು. ದೇವರಾಜುವಿನ ತಾಯಿ ದೊಡ್ಡಲಕ್ಷ್ಮಮ್ಮನವರಿಗೆ ಯಾವ ಗಾಡಿಯ ಹಿಂದಿನ ಸೀಟೂ ಆಗದು. ಕೂತರೆ ವಾಂತಿ. ಮುಂದೆ ಕೂತು, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಮೂಸುತ್ತಿದ್ದರೆ ಮಾತ್ರ ಕ್ಷೇಮ. ಮಗನ ಮದುವೆಯ ದಿನ ಹೆಣ್ಣಿನ ಊರಿನಿಂದ ಬರುವಾಗಲೂ ಹೀಗೇ ಆಯಿತು. ಮುಂದೆ ನಿಂಬೆಹಣ್ಣಿನ ಸಮೇತ ಅತ್ತೆ, ಹಿಂದೆ ನಾಲ್ಕು ಜನ ನೆಂಟರ ನಡುವೆ ಮದುಮಗಳು. ಅವತ್ತು ಅವಳು ಹೊಸ ಊರಿಗೆ ಬಂದದ್ದು ಒಂದು ತುರುಬನ್ನು ನೋಡಿಕೊಂಡು. ಆಮೇಲೆ ಹೋದ ಬಂದ ಕಡೆಯೆಲ್ಲ ಅದೇ ತುರುಬು.

ಹೆಂಡತಿಯ ಮಾತು ಕೇಳಿ ದೇವರಾಜುವಿಗೆ ಕರುಳು ಚುರುಕ್ ಎಂದಿತಂತೆ. "ಆಯ್ತು, ನಾವಿಬ್ರೇ ಓಗ್ಬರಾಣ" ಎಂದನಂತೆ. ಇದೆಲ್ಲ ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಿಮಗೆ ಈಗಲೇ ಹೇಳುತ್ತಿದ್ದೇನೆ, ನಮ್ಮ ಹಾಗೆ ನೀವೂ ಮೋಸ ಹೋಗಬಾರದು ನೋಡಿ.

ಮಾತು ಕೊಟ್ಟದ್ದೇನೋ ಆಯಿತು, ತಾಯಿಗೆ ಹೇಳುವುದು ಹೇಗೆ? ಐವತ್ತರ ಹತ್ತಿರದ ಗಂಡಸು, ಊರಿಗೆ ಹಾಲು ಅಳೆಯುವವನು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಮ್ಮನೆ ಬೆಟ್ಟ ಹತ್ತಿ ಬರುತ್ತೇನೆ ಎಂದು ನಮ್ಮ ಕಡೆ ಯಾವ ಬಾಯಿಂದ ಹೇಳುತ್ತಾನೆ? ಅವರೆಕಾಯಿ ಸುಲಿಯುತ್ತ ಕೂತಿದ್ದ ದೊಡ್ಡಲಕ್ಷ್ಮಮ್ಮನವರು "ಎಲ್ಲಿಗ್ಲಾ ಹೊರಟಿದ್ದೀಯೆ?" ಎಂದು ಕೇಳಿದಾಗ ಅವನ ಬಾಯಿಗೆ ಬಂದದ್ದು ಮಾದಪ್ಪನ ಬೆಟ್ಟ. ಘಾಟಿಯೂ ಆಯಿತು, ದೇವರೂ ಆಯಿತು.

"ಏನಕ್ಕೆ?"

"ಒಂದು ಹರಕೆ ಇತ್ತು ಕಣವ್ವಾ."

"ಏನ್ ಹರಕೆ? ನಂಗ್ ಗೊತ್ತಿಲ್ದಂಗೆ?"

"ಹರಕೆ ಹೇಳ್ಬಾರ್ದು."

ಅವನ ಮಟ್ಟಿಗೆ ಜಾಣತನದ ಮಾತು. ಆದರೆ ನಮ್ಮಲ್ಲಿ ಮಳೆಗೆ ಹರಕೆ, ಮಕ್ಕಳಿಗೆ ಹರಕೆ, ಹಸು ಗಬ್ಬವಾಗಲೂ ಹರಕೆ, ಎಲ್ಲವನ್ನೂ ಜಗಲಿಯ ಮೇಲೆ ಕೂತು ಹೇಳಿಕೊಳ್ಳುತ್ತಾರೆ. ಹೆತ್ತ ತಾಯಿಗೂ ಹೇಳದ ಹರಕೆ ಎಂದರೆ ಅದು ಪ್ರಾಣಕ್ಕೆ ಸಂಬಂಧಪಟ್ಟದ್ದು. ದೊಡ್ಡಲಕ್ಷ್ಮಮ್ಮನವರ ಕೈಯಿಂದ ಅವರೆಕಾಯಿ ಬಿತ್ತು.

ಸಂಜೆಯೊಳಗೆ ಸುದ್ದಿ ನನ್ನ ಮಿಷನ್ನಿಗೆ ಬಂತು. ನಾನು ನನ್ನ ಮಟ್ಟಿಗೆ ಏನೂ ಹೇಳಲಿಲ್ಲ. "ಇತ್ತೀಚೆಗೆ ಒಸಿ ಸೊರಗವ್ನೆ" ಎಂದೆ, ಅಷ್ಟೇ. ಅದು ಶೆಡ್ಡಿನಿಂದ ಹೊರಗೆ ಹೋಗುವಷ್ಟರಲ್ಲಿ ಕಿಡ್ನಿಯಾಗಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡೂ ಕಿಡ್ನಿಯಾಯಿತು. ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಹಿಂದೆಂದೂ ನಡೆಯದ್ದು ನಡೆಯಿತು. ಫ್ಯಾಟಿನ ಬಗ್ಗೆ ಒಬ್ಬರೂ ಜಗಳ ತೆಗೆಯಲಿಲ್ಲ. ಅವನು ಎಷ್ಟು ಹೇಳಿದರೆ ಅಷ್ಟಕ್ಕೆ "ಆಗ್ಲಿ ಬುಡಪ್ಪಾ, ನಿನ್ ಆರೋಗ್ಯ ದೊಡ್ದು" ಎಂದು ಕ್ಯಾನ್ ಎತ್ತಿಕೊಂಡು ಹೋದರು. ದೇವರಾಜು ಸಂಜೆ ನನ್ನ ಹತ್ತಿರ ಬಂದು, "ಏನ್ಲಾ ಇದು, ಜನ ಎಲ್ಲಾ ಒಳ್ಳೇರಾಗ್ಬುಟ್ಟವ್ರೆ?" ಎಂದು ದಿಗಿಲಿನಲ್ಲೇ ನಗುತ್ತ ಕೇಳಿದ. ನನಗೆ ಕಣ್ಣು ತುಂಬಿ ಬಂತು. ಪಾಪ, ಕಾಯಿಲೆ ಮುಚ್ಚಿಟ್ಟುಕೊಂಡು ಹೇಗೆ ನಗುತ್ತಾನೆ ಎಂದುಕೊಂಡೆ.

ಇನ್ನೊಂದು ಪದ್ಧತಿಯನ್ನೂ ಅವನು ಮರೆತಿದ್ದ. ಮಾದಪ್ಪನ ಬೆಟ್ಟಕ್ಕೆ ಹೊರಟವನ ಕೈಯಲ್ಲಿ ಯಾರಾದರೂ ದೇವರಿಗೆಂದು ಏನಾದರೂ ಕೊಟ್ಟರೆ ಒಲ್ಲೆ ಎನ್ನುವಂತಿಲ್ಲ. ಬರುತ್ತೇನೆ ಎಂದವರನ್ನು ಬೇಡ ಎನ್ನುವಂತೆಯೂ ಇಲ್ಲ. ಹೊರಡುವ ದಿನದೊಳಗೆ ಅವನ ಪಡಸಾಲೆ ರೇಷನ್ ಅಂಗಡಿಯಂತಾಗಿತ್ತು. ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ದೀಪದ ಎಣ್ಣೆ, ತೆಂಗಿನಕಾಯಿ. ಒಂದೊಂದು ಚೀಲ ಬಂದಾಗಲೂ ದೇವರಾಜು ಕಾರಿನ ಹಿಂಭಾಗ ನೋಡುತ್ತಿದ್ದ, ಲತಾಮಣಿ ಗಂಡನ ಮುಖ ನೋಡುತ್ತಿದ್ದಳು.

ಹೊರಡುವ ಬೆಳಿಗ್ಗೆ ನಾನು ಮತ್ತು ನನ್ನ ಹೆಂಡತಿ ಸುಚಿತ್ರಾ ಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು, ಕಾರಿನ ಪಕ್ಕ ನಿಂತಿದ್ದೆವು. ನಮ್ಮನ್ನು ಯಾರೂ ಕರೆದಿರಲಿಲ್ಲ. ಆದರೆ ಕಷ್ಟದಲ್ಲಿರುವ ನೆರೆಯವನನ್ನು ಒಂಟಿಯಾಗಿ ಕಳಿಸುವುದಕ್ಕೆ ನಾವೇನು ಪಟ್ಟಣದವರೇ? ಅದೂ ಅಲ್ಲದೆ ಆ ಕಾರು ಕುಡಿದಿದ್ದದ್ದು ನನ್ನ ಮಿಷನ್ನಿನ ಕರೆಂಟು.

"ನೀವೂ ಬತ್ತೀರಾ?" ಎಂದ ದೇವರಾಜು. ಅವನ ದನಿ ನಡುಗಿತು. ಸಂತೋಷಕ್ಕೆ ಎಂದುಕೊಂಡೆ.

ಲತಾಮಣಿ ಒಳಗಿನಿಂದ ಬಂದಳು. ಕೆಂಪಂಚಿನ ಸೀರೆ, ತಲೆಗೆ ಕನಕಾಂಬರ. ನೇರ ಕಾರಿನ ಹತ್ತಿರ ಬಂದು ಮುಂದಿನ ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟಳು. ಅಷ್ಟರಲ್ಲಿ ದೊಡ್ಡಲಕ್ಷ್ಮಮ್ಮನವರು ನಿಂಬೆಹಣ್ಣು ಹಿಡಿದುಕೊಂಡು ಜಗಲಿ ಇಳಿದರು. "ಮಗನ್ಗೆ ಹಿಂಗಾಗಿರೋವಾಗ ನಾನ್ ಮನೇಲಿ ಹೆಂಗಿರ್ಲಿ?" ಎಂದರು. ಲತಾಮಣಿ ಆ ಬಾಗಿಲನ್ನು ತೆಗೆದು, ಅತ್ತೆಗೆ ತೆಗೆದುಕೊಡಲಿಕ್ಕೇ ಬಂದವಳ ಹಾಗೆ ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ಹಿಂದೆ ಬಂದು ಕೂತಳು. ನನ್ನ ಹೆಂಡತಿ ನಡುವೆ, ನಾನು ಈ ಕಡೆ, ನಮ್ಮೆಲ್ಲರ ತೊಡೆಯ ಮೇಲೆ ಬೆಲ್ಲ.

ಕಾರಿನ ಕಂಪನಿಯವರು ಇಷ್ಟು ದೂರ ಓಡುತ್ತದೆ ಎಂದು ಹೇಳಿದ್ದು ಒಬ್ಬ ತೆಳ್ಳನೆಯ ಮನುಷ್ಯ, ಸಮತಟ್ಟು ರಸ್ತೆ, ಖಾಲಿ ಹೊಟ್ಟೆ ಎಂಬ ಲೆಕ್ಕದಲ್ಲಿರಬೇಕು. ಮಾಗಡಿ ದಾಟುವಷ್ಟರಲ್ಲೇ ದೇವರಾಜು ಏಸಿ ಆರಿಸಿದ. ರಾಮನಗರದ ಬಂಡೆಬೆಟ್ಟಗಳು ಕಾಣುವಾಗ ಹಾಡು ನಿಲ್ಲಿಸಿದ. ಕನಕಪುರದ ದಾರಿಯಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಮೇಲೆ ಮಲಗಿದ್ದವನು ಎದ್ದು ಕೂತು ನಮ್ಮನ್ನು ಬಹಳ ಹೊತ್ತು ನೋಡಿದ.

"ಯಾಕ್ಲಾ ಇಷ್ಟ್ ಮೆಲ್ಲಗೆ?" ಎಂದೆ.

"ಜೋರಾಗ್ ಓದ್ರೆ ಬೇಗ ಖಾಲಿ ಆಯ್ತದೆ."

"ನೋಡಿ, ಯಾವ್ದರ ಬಗ್ಗೆ ಹೇಳ್ತಾವ್ರೆ ಅಂತ!" ಎಂದು ಸುಚಿತ್ರಾ ನನ್ನ ಕಿವಿಯಲ್ಲಿ ಹೇಳಿ ಮೂಗು ಒರೆಸಿಕೊಂಡಳು. ಮುಂದೆ ದೊಡ್ಡಲಕ್ಷ್ಮಮ್ಮನವರು ನಿಂಬೆಹಣ್ಣನ್ನು ಒತ್ತಿ ಮೂಸಿದರು. ಲತಾಮಣಿ ಮಾತ್ರ ಕುತ್ತಿಗೆ ಆ ಕಡೆ ಈ ಕಡೆ ಬಾಗಿಸಿ, ತುರುಬಿಗೂ ಸೀಟಿಗೂ ನಡುವಿನ ಸಂದಿಯಿಂದ ರಸ್ತೆ ಕಾಣುತ್ತದೋ ಎಂದು ನೋಡುತ್ತಿದ್ದಳು. ಅವಳಿಗೆ ಕುತ್ತಿಗೆ ಉಳುಕಿದೆಯೇನೋ ಎಂದು ನಾನು ಅಂದುಕೊಂಡೆ.

ಸಾತನೂರಿನ ಹತ್ತಿರದ ಹಳ್ಳಿಯಲ್ಲಿ ದೇವರಾಜುವಿನ ಸೋದರಮಾವ ಮುನಿಯಪ್ಪನವರ ಮನೆ. ಅಲ್ಲಿ ಚಾರ್ಜ್ ಹಾಕಿ ರಾತ್ರಿ ಉಳಿದು ಬೆಳಿಗ್ಗೆ ಹೊರಡುವುದು ಎಂದು ಗೊತ್ತಾಗಿತ್ತು. ಸುದ್ದಿ ಕಾರಿಗಿಂತ ಬೇಗ ಓಡುತ್ತದೆ, ಅದಕ್ಕೆ ಚಾರ್ಜ್ ಬೇಡವಲ್ಲ. ಕಾರು ನಿಲ್ಲುವಷ್ಟರಲ್ಲಿ ಮುನಿಯಪ್ಪನವರು ಓಡಿ ಬಂದು ಸೋದರಳಿಯನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತರು.

"ನಂಗ್ಯಾಕ್ಲಾ ಹೇಳ್ಲಿಲ್ಲ? ನಂದೊಂದು ಕೊಡ್ತಿದ್ದೆ!"

"ಏನ್ ಒಂದು, ಮಾವ?"

"ಏನಾಗಿದ್ರೂ ನಾನ್ ಇವ್ನಿ!" ಎಂದು ಮುನಿಯಪ್ಪನವರು ತಮ್ಮ ಸೊಂಟ ಮುಟ್ಟಿಕೊಂಡರು.

ದೇವರಾಜುವಿಗೆ ಅರ್ಥವಾಗಲಿಲ್ಲ. ಅವನು ಪ್ಲಗ್ ಹುಡುಕಲು ಹೋದ. ಪ್ಲಗ್ ಸಿಕ್ಕಿತು, ಕರೆಂಟೂ ಇತ್ತು, ಆದರೆ ವೋಲ್ಟೇಜ್ ಇರಲಿಲ್ಲ. ಕಾರು ಒಂದು ಸಲ ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಸಂಜೆ ಧಾರಾವಾಹಿಯ ಹೊತ್ತು, ಎಲ್ಲ ಮನೆಯಲ್ಲೂ ಟಿ.ವಿ., ಎಲ್ಲ ಮನೆಯಲ್ಲೂ ಮಿಕ್ಸಿ. ಮುನಿಯಪ್ಪನವರು ಬೀದಿಯ ನಡುವೆ ನಿಂತು ಕೂಗಿದರು: "ಎಲ್ರೂ ಟಿ.ವಿ. ಆರಿಸ್ರೋ! ನಮ್ ಹುಡುಗನ್ ಜೀವದ್ ಪ್ರಶ್ನೆ!"

ಆ ಬೀದಿಯವರ ದೊಡ್ಡತನವನ್ನು ನಾನು ಮರೆಯುವುದಿಲ್ಲ. ಧಾರಾವಾಹಿಯಲ್ಲಿ ಅವತ್ತು ಯಾರಿಗೋ ತಾಳಿ ಕಟ್ಟುವುದಿತ್ತಂತೆ. ಆದರೂ ಮನೆಮನೆಯಲ್ಲೂ ಟಿ.ವಿ. ಆರಿತು, ದೀಪ ಆರಿತು, ರುಬ್ಬುತ್ತಿದ್ದ ಚಟ್ನಿ ಅರ್ಧಕ್ಕೆ ನಿಂತಿತು. ಕಾರು ಹಸಿರು ಕಣ್ಣು ಬಿಟ್ಟಿತು. ಮಾಡಲು ಬೇರೆ ಕೆಲಸವಿಲ್ಲದೆ ಜನ ಚಾಪೆ ತಂದು ಕಾರಿನ ಸುತ್ತ ಕೂತರು. "ಎಷ್ಟ್ ಏರ್ತವ್ವಾ?" ಎಂದು ಆಗಾಗ ಕೇಳುವರು. ಒಳಗೆ ಕೂತು ಹೇಳುವವರು ಬೇಕಲ್ಲ, ಲತಾಮಣಿ ಹೋಗಿ ಕೂತಳು. ಮುಂದಿನ ಸೀಟಿನಲ್ಲಿ.

ಒಂದು ಗಂಟೆ ಕೂತಿದ್ದಳು. ಕಾರು ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತಿತ್ತು. ಗಾಜಿನಿಂದ ಕಾಣುತ್ತಿದ್ದದ್ದು ಸಗಣಿ ಬೆರಣಿ ತಟ್ಟಿದ ಗೋಡೆ. ಅವಳು ಅದನ್ನೇ, ಎಂಥದೋ ದೊಡ್ಡ ಕಣಿವೆಯನ್ನು ನೋಡುವವಳ ಹಾಗೆ ನೋಡುತ್ತಿದ್ದಳು. ಯಾರೋ "ಎಷ್ಟಾಯ್ತವ್ವಾ?" ಎಂದು ಮೂರು ಸಲ ಕೇಳಬೇಕಾಯಿತು. ದೊಡ್ಡಲಕ್ಷ್ಮಮ್ಮನವರು ಜಗಲಿಯ ಕಂಬಕ್ಕೆ ಒರಗಿ ಸೊಸೆಯನ್ನೇ ನೋಡುತ್ತಿದ್ದರು.

ಬೆಳಿಗ್ಗೆ ಹೊರಡುವಾಗ ಮುನಿಯಪ್ಪನವರು ಒಂದು ಅಕ್ಕಿ ಮೂಟೆ ಮತ್ತು ಒಂದು ಸಿಹಿಗುಂಬಳಕಾಯಿಯ ಜೊತೆ ತಾವೂ ಬಂದರು. "ಒಸಿ ಸರ್ಕೊಳ್ಳಿ" ಎಂದರು. ಸರಿದುಕೊಳ್ಳಲು ಜಾಗವಿರಲಿಲ್ಲ, ಆದರೆ ನಮ್ಮ ಕಡೆ ಅದು ಉತ್ತರವಲ್ಲ. ಸುಚಿತ್ರಾ ಲತಾಮಣಿಯ ತೊಡೆಯ ಮೇಲೆ ಅರ್ಧ ಹತ್ತಿದಳು. ಕುಂಬಳಕಾಯಿ ನನ್ನ ತೊಡೆಯ ಮೇಲೆ ಪೂರ್ತಿ ಹತ್ತಿತು.

ಕೊಳ್ಳೇಗಾಲದಲ್ಲಿ ಚಾರ್ಜ್ ಮಾಡುವ ಜಾಗವೊಂದಿದೆ ಎಂದು ದೇವರಾಜು ಫೋನಿನಲ್ಲಿ ನೋಡಿಟ್ಟುಕೊಂಡಿದ್ದ. ಜಾಗ ಇತ್ತು. ಯಂತ್ರವೂ ಇತ್ತು. ಅದರ ಮೇಲೆ ಯಾರೋ ಒಗೆದ ಲುಂಗಿ ಒಣಗಲು ಹಾಕಿದ್ದರು, ಅದನ್ನು ಸರಿಸಿ ನೋಡಿದರೆ ಕೆಟ್ಟುಹೋಗಿದೆ ಎಂಬ ಚೀಟಿ. ಲುಂಗಿಯವನು ಹೋಟೆಲಿನಿಂದ ಬಂದು, "ಅದು ಯಾವಾಗ್ಲೂ ಕೆಟ್ಟಿರ್ತದೆ ಸಾರ್, ಆದ್ರೆ ಬಿಸಿಲು ಚೆನ್ನಾಗ್ ಬೀಳ್ತದೆ" ಎಂದ. ದೇವರಾಜು ಪರದೆ ನೋಡಿದ, ಬೆಟ್ಟದ ದಿಕ್ಕು ನೋಡಿದ, ನಮ್ಮೆಲ್ಲರ ಹೊಟ್ಟೆ ನೋಡಿದ. ಹೊರಟೆವು.

ಹನೂರು ದಾಟಿ, ತಾಳಬೆಟ್ಟದಲ್ಲಿ ಕಾಯಿ ಒಡೆದು ಘಾಟಿಗೆ ಬಿದ್ದಾಗ ಬ್ಯಾಟರಿ ಕಾಲುಭಾಗಕ್ಕಿಂತ ಕಡಿಮೆ ಇತ್ತು. ಮೊದಲ ತಿರುವು. ಕಾರು ಏದುಸಿರು ಬಿಡಲಿಲ್ಲ, ಪೆಟ್ರೋಲ್ ಗಾಡಿಯ ಹಾಗೆ ಗೊರಗುಟ್ಟಲಿಲ್ಲ, ಸದ್ದಿಲ್ಲದೆ ಪರ್ಸೆಂಟು ತಿನ್ನುತ್ತ ಹತ್ತಿತು. ಎರಡನೇ ತಿರುವಿನಲ್ಲಿ ಮುನಿಯಪ್ಪನವರು "ಉಘೇ ಮಾದಪ್ಪಾ!" ಎಂದು ಕೂಗಿದರು. ಇನ್ನೊಂದು ತಿರುವಿಗೆ ದೇವರಾಜು, "ಮಾವ, ಕೂಗ್ಬ್ಯಾಡಿ, ಯಾರೂ ಅಲ್ಲಾಡ್ಬ್ಯಾಡಿ" ಎಂದ. ಮುನಿಯಪ್ಪನವರು ಉಸಿರನ್ನೂ ಬಿಗಿ ಹಿಡಿದರು. ಹಿಡಿದ ಉಸಿರಿಗೆ ತೂಕ ಹೆಚ್ಚೋ ಕಡಿಮೆಯೋ ಎಂದು ನಾನು ಯೋಚಿಸುತ್ತಿರುವಾಗಲೇ ಪರದೆಯ ಮೇಲೆ ಆಮೆಯ ಚಿತ್ರವೊಂದು ಬಂತು. ಕಾರು ಆ ಆಮೆಯ ಮಾತು ಕೇಳಿತು.

ದೇವರಾಜು ಪಕ್ಕಕ್ಕೆ ನಿಲ್ಲಿಸಿದ. ಕೆಳಗೆ ಕಣಿವೆ, ಮೇಲೆ ಇನ್ನೂ ಎಷ್ಟೋ ತಿರುವು.

"ತೂಕ ಇಳಿಸ್ಬೇಕು" ಎಂದ.

"ದೇವ್ರ ಅಕ್ಕಿ ಇಳ್ಸೋಂಗಿಲ್ಲ" ಎಂದರು ಮುನಿಯಪ್ಪನವರು.

"ಹಂಗಾದ್ರೆ ಯಾರಾದ್ರೂ ಇಳೀರಿ."

"ಕಾಯ್ಲೆ ಮನುಷ್ಯನ್ನ ಬುಟ್ಟು ಹೆಂಗ್ಲಾ ಇಳೀಲಿ? ದಾರೀಲಿ ಏನಾದ್ರೂ ಆದ್ರೆ?"

"ಯಾರ್ಗೆ ಕಾಯ್ಲೆ?"

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇನ್ನು ಮುಚ್ಚಿಡುವುದು ಬೇಡ ಎಂದು ನಾನೇ ಅವನ ಭುಜದ ಮೇಲೆ ಕೈ ಇಟ್ಟೆ. "ದೇವರಾಜು, ಊರಿಗೇ ಗೊತ್ತು ಕಣ್ಲಾ. ಎರಡೂ ಓಗ್ಬುಟ್ಟವೆ ಅಂತ."

"ಏನ್ ಎರಡೂ?"

"ಕಿಡ್ನಿ."

ದೇವರಾಜು ಸ್ಟಿಯರಿಂಗಿಗೆ ತಲೆ ಚಚ್ಚಿಕೊಂಡ. ಹಾರ್ನ್ ಕೂಗಿತು. ಮರದ ಮೇಲಿದ್ದ ಕೋತಿಗಳು ಎದ್ದು ನಿಂತವು. ಆಮೇಲೆ ಆ ಮನುಷ್ಯ, ಡೈರಿಯಲ್ಲಿ ಎಷ್ಟು ಬೈಸಿಕೊಂಡರೂ ದನಿ ಎತ್ತದವನು, ಇಡೀ ಘಾಟಿಗೆ ಕೇಳುವ ಹಾಗೆ ಕೂಗಿದ.

"ನಂಗೇನೂ ಆಗಿಲ್ಲ! ಯಾವ ಹರಕೇನೂ ಇಲ್ಲ! ನನ್ ಹೆಂಡ್ತಿ ಒಂದ್ಕಿತ ಮುಂದಿನ ಸೀಟಲ್ಲಿ ಕೂತ್ಕೊಂಡು ಘಾಟಿ ಹತ್ತಬೇಕು ಅಂತ ಆಸೆ ಪಟ್ಲು. ನಾವಿಬ್ರೇ. ಇಪ್ಪತ್ತೆರಡು ವರ್ಷಕ್ಕೆ ಒಂದು ಆಸೆ! ಅಷ್ಟೇ! ನಿಮ್ಗೆಲ್ಲಾ ಹೇಳಕ್ಕೆ ನಾಚ್ಕೆ ಆಯ್ತು, ಅದಕ್ಕೆ ಮಾದಪ್ಪನ್ ಹೆಸರು ಹೇಳ್ದೆ!"

ಲತಾಮಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ತೊಡೆಯ ಮೇಲಿದ್ದ ಕುಂಬಳಕಾಯಿ ಮೊದಲಿಗಿಂತ ಭಾರವಾದ ಹಾಗಾಯಿತು. ಕರೆಯದೆ ಬಂದವನ ಮರ್ಯಾದೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಅಂಥ ಹೊತ್ತಿನಲ್ಲಿ ಅಂಥ ಸೀಟಿನಲ್ಲಿ ಕೂತಿರಬೇಕು.

ಮೊದಲು ಬಾಗಿಲು ತೆಗೆದ ಸದ್ದು ಮುಂದಿನಿಂದ ಬಂತು. ದೊಡ್ಡಲಕ್ಷ್ಮಮ್ಮನವರು ಇಳಿದು, ಸೀರೆ ಕೊಡವಿ, ಹಿಂದಿನ ಬಾಗಿಲು ತೆಗೆದರು. "ಇಳೀರ್ರೋ ಎಲ್ಲಾ. ಲತಾ, ನೀನ್ ಮುಂದಕ್ ಓಗು."

"ಅತ್ತೆ, ನಿಮ್ಗೆ..."

"ಓಗು ಅಂದ್ನಲ್ಲ."

ನಾವು ಇಳಿದೆವು. ಅಕ್ಕಿ ಇಳಿಯಿತು, ಬೆಲ್ಲ ಇಳಿಯಿತು, ಕುಂಬಳಕಾಯಿ ಇಳಿಯಿತು. ಲತಾಮಣಿ ಮುಂದೆ ಹೋಗಿ ಕೂತಳು. ದೊಡ್ಡಲಕ್ಷ್ಮಮ್ಮನವರ ನಿಂಬೆಹಣ್ಣು ಗಾಜಿನ ಹತ್ತಿರವೇ ಉಳಿದಿತ್ತು. ಕಾರು ಈಗ ಹಗುರಾಗಿ, ಮೇಯಲು ಬಿಟ್ಟ ಕರುವಿನ ಹಾಗೆ ಮುಂದಕ್ಕೆ ಹೋಯಿತು.

ನಾವು ರಸ್ತೆಯ ಬದಿಯ ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಮೇಲೆ ಮರಗಳ ನಡುವೆ ಕಾರು ಕಾಣುವುದು, ಮರೆಯಾಗುವುದು, ಇನ್ನೊಂದು ತಿರುವಿನಲ್ಲಿ ಚಿಕ್ಕದಾಗಿ ಮತ್ತೆ ಕಾಣುವುದು. ನನ್ನ ಹೆಂಡತಿ ಅದನ್ನೇ ನೋಡುತ್ತಿದ್ದಳು. "ಎಷ್ಟ್ ಚೆನ್ನಾಗಿ ಓಯ್ತಾ ಐತೆ" ಎಂದಳು. ನಮಗೂ ಮದುವೆಯಾಗಿ ಬಹಳ ವರ್ಷವಾಯಿತು, ನನ್ನ ಹತ್ತಿರ ಇರುವುದು ಒಂದು ಮೊಪೆಡ್ಡು. ಹೇಳಲು ಬಹಳ ಇತ್ತು, ಆದರೆ ಪಕ್ಕದಲ್ಲಿ ಮುನಿಯಪ್ಪನವರು ಕೂತಿದ್ದರು.

ಮೇಲಿನ ತಿರುವೊಂದರಲ್ಲಿ ಕಾರು ನಿಂತುಬಿಟ್ಟಿತು.

"ಖಾಲಿ ಆಯ್ತು!" ಎಂದು ಮುನಿಯಪ್ಪನವರು ಎದ್ದರು. "ಬನ್ರೋ, ಓಡೋಗಿ ತಳ್ಳಾಣ!"

"ಯಾರೂ ಓಗಂಗಿಲ್ಲ" ಎಂದರು ದೊಡ್ಡಲಕ್ಷ್ಮಮ್ಮನವರು. "ಕೂತ್ಕೊ."

ಮುನಿಯಪ್ಪನವರು ಕೂತರು. ಅಕ್ಕನ ಮಾತು. ದೊಡ್ಡಲಕ್ಷ್ಮಮ್ಮನವರು ಮೇಲೆ ನೋಡುತ್ತಲೇ ಹೇಳಿದರು. "ಅವ್ರು ಗಾಡಿ ಹೊಡೀತಿದ್ರಲ್ಲ, ದೇವರಾಜುನ ಅಪ್ಪ. ಜೋಡೆತ್ತು. ತಿಪ್ಪಸಂದ್ರದ ಸಂತೆಗೆ ಓಗೋವಾಗ ನಮ್ಮತ್ತೆ ಮುಂದ್ಗಡೆ ಮೂಕಿ ಹತ್ರ ಕೂರೋರು, ನಾನ್ ಹಿಂದ್ಗಡೆ ಕಾಲ್ ಇಳಿಬುಟ್ಕೊಂಡು. ಬಂದ್ ದಾರೀನೇ ನೋಡ್ಕೊಂಡ್ ಓಗೋದು. ಒಂದ್ ದಿವ್ಸ ಪಕ್ದಲ್ಲಿ ಕೂತು ಅವ್ರು ಎತ್ತಿನ್ ಸಂಗ್ಡ ಏನ್ ಮಾತಾಡ್ತಾರೆ ಅಂತ ಕೇಳ್ಬೇಕು ಅಂತ ಆಸೆ ಇತ್ತು. ನಮ್ಮತ್ತೆ ಓಗೋ ಹೊತ್ಗೆ ಎತ್ತೂ ಮಾರಿದ್ವಿ, ಅವ್ರೂ ಓದ್ರು."

ಸುಚಿತ್ರಾ ಮೆಲ್ಲಗೆ, "ಆದ್ರೂ ನಿಮ್ಗೆ ವಾಂತಿ ಆಯ್ತದಲ್ಲ, ಅದ್ಕೇ ತಾನೆ ನೀವ್ ಮುಂದೆ ಕೂರೋದು?" ಎಂದಳು.

"ಯಾರ್ಗೆ ವಾಂತಿ?" ಎಂದರು ದೊಡ್ಡಲಕ್ಷ್ಮಮ್ಮನವರು. "ಅದೆಲ್ಲಾ ಸುಳ್ಳು ಕಣವ್ವ. ರಸ್ತೆ ನೋಡೋ ಆಸೆಗೆ ಹೇಳ್ತಿದ್ದೆ. ಇನ್ಮ್ಯಾಕೆ ಅವ್ಳೇ ಮುಂದೆ ಕೂರ್ಲಿ."

ನನಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷದ ನಾಟಕ! ಇಷ್ಟು ವರ್ಷ ಆ ಹೆಣ್ಣುಮಗಳನ್ನು ತುರುಬು ನೋಡಲು ಕೂರಿಸಿ, ನಿಂಬೆಹಣ್ಣು ಹಿಡಿದುಕೊಂಡು ಊರಿಗೆಲ್ಲ ಕಿವಿಯ ಮೇಲೆ ಹೂವು ಇಟ್ಟಿದ್ದಾರಲ್ಲ ಎಂದುಕೊಂಡೆ. ನಂಬಿದೆ. ನಾನು ಏನನ್ನೂ ಬೇಗ ನಂಬುತ್ತೇನೆ ಎಂದು ನಿಮಗೆ ಕಿಡ್ನಿಯ ಹೊತ್ತಿಗೇ ಗೊತ್ತಾಗಿರಬೇಕು.

ಅಷ್ಟರಲ್ಲಿ ಕೆಳಗಿನಿಂದ ಒಂದು ತೆರೆದ ಟೆಂಪೊ ಬಂತು. ಚನ್ನಪಟ್ಟಣದ ತಾಜ್ ಪಾಷಾ, ಬೆಟ್ಟದ ಮೇಲಿನ ಅಂಗಡಿಗಳಿಗೆ ಮರದ ಗೊಂಬೆ ಸಾಗಿಸುವವರು. ಕೈ ಅಡ್ಡ ಹಾಕಿ ಕೂಗಿದೆವು, ನಮ್ಮೂರ ಕಡೆಯ ಮಾತು ಕೇಳಿ ತಕ್ಷಣ ನಿಲ್ಲಿಸಿದರು. ಅಕ್ಕಿ, ಬೆಲ್ಲ, ಕುಂಬಳಕಾಯಿ, ನಾವು, ಎಲ್ಲ ಗೊಂಬೆಗಳ ಮೂಟೆಯ ಮೇಲೆ ಹತ್ತಿದೆವು. ದೊಡ್ಡಲಕ್ಷ್ಮಮ್ಮನವರು ತೆರೆದ ಗಾಳಿಗೆ ಮುಖ ಒಡ್ಡಿ ಆರಾಮಾಗಿ ಕೂತರು. ನಿಂಬೆಹಣ್ಣಿಲ್ಲ, ವಾಂತಿಯಿಲ್ಲ. ನನ್ನ ಸಿಟ್ಟಿಗೆ ಸಾಕ್ಷಿ ಸಿಕ್ಕಿತು.

ನಿಂತ ಕಾರು ಹತ್ತಿರವಾದಾಗ ತಾಜ್ ಪಾಷಾ ವೇಗ ಕಡಿಮೆ ಮಾಡಿದರು. "ನಿಮ್ಮೋರೇ ಅಲ್ವಾ? ಹಗ್ಗ ಐತೆ, ಎಳೀಲಾ?"

"ನಿಲ್ಲಿಸ್ಬ್ಯಾಡ! ಓಡ್ಸು!" ಎಂದರು ದೊಡ್ಡಲಕ್ಷ್ಮಮ್ಮನವರು. "ಎಲ್ಲಾ ಬಗ್ಗಿ!"

ನಾವು ನಾಲ್ಕು ಜನ ದೊಡ್ಡವರು ಮೂಟೆಗಳ ನಡುವೆ ಬಗ್ಗಿದೆವು. ನನ್ನ ತಲೆ ಒಂದು ಮರದ ಕುದುರೆಗೆ ಬಡಿಯಿತು. ಆದರೂ ಸಂದಿಯಿಂದ ನೋಡಿದೆ. ಕಾರು ತಿರುವಿನ ಅಂಚಿನಲ್ಲಿ ನಿಂತಿತ್ತು, ಮುಂದೆ ಬರೀ ಬೆಟ್ಟದ ಹಿಂದೆ ಬೆಟ್ಟ. ಲತಾಮಣಿ ಗಾಜಿನ ಹತ್ತಿರಕ್ಕೆ ಬಾಗಿ ಅದನ್ನು ನೋಡುತ್ತಿದ್ದಳು. ದೇವರಾಜು ಪರದೆಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

ಬ್ಯಾಟರಿ ಮುಗಿದಿರಲಿಲ್ಲ. ಅದನ್ನು ಲತಾಮಣಿಯೇ ಆಮೇಲೆ ಸುಚಿತ್ರಾಗೆ ಹೇಳಿದಳು. ಅವಳೇ ನಿಲ್ಲಿಸಲು ಹೇಳಿದ್ದಂತೆ. "ಹಿಂಗೇ ಓದ್ರೆ ಬೇಗ ಮುಗ್ದೋಯ್ತದೆ, ಒಸಿ ನಿಲ್ಸಿ" ಎಂದಳಂತೆ. ಅವನು ಎಂಜಿನ್ ಆರಿಸಲು ಹೋಗಿ, ಆರಿಸಲು ಎಂಜಿನ್ನೇ ಇಲ್ಲವೆಂದು ನೆನಪಾಗಿ ಇಬ್ಬರೂ ನಕ್ಕರಂತೆ. ಬೆಟ್ಟದ ಮೇಲೆ ತಲುಪಿದಾಗ ಪರದೆಯ ಮೇಲೆ ಉಳಿದದ್ದು ಎರಡು ಪರ್ಸೆಂಟು. ಹಾಲಿನಲ್ಲಿ ಅಷ್ಟು ಫ್ಯಾಟ್ ಬಂದಿದ್ದರೆ ದೇವರಾಜು ಕ್ಯಾನನ್ನು ವಾಪಸ್ ಕಳಿಸುತ್ತಿದ್ದ.

ರಾತ್ರಿ ಅಲ್ಲೇ ಉಳಿದು, ಕಾರಿಗೆ ಕರೆಂಟು ಕುಡಿಸಿ, ಮಾದಪ್ಪನಿಗೆ ಊರವರ ಅಕ್ಕಿ ಬೇಳೆ ಎಲ್ಲ ಒಪ್ಪಿಸಿದೆವು. ಹರಕೆ ಇಲ್ಲದಿದ್ದರೂ ಕೈ ಮುಗಿದೆವು. ಮುನಿಯಪ್ಪನವರು ಗೊಂಬೆ ಇಳಿಸಿ ಖಾಲಿಯಾದ ಟೆಂಪೊದಲ್ಲೇ ಸಾತನೂರಿಗೆ ಹೊರಟರು. ನಾವು ಕಾರಿನ ಹತ್ತಿರ ಬಂದೆವು. ಲತಾಮಣಿ ಹಿಂದಿನ ಬಾಗಿಲಿಗೆ ಹೋದಳು. ದೊಡ್ಡಲಕ್ಷ್ಮಮ್ಮನವರು ಅವಳನ್ನು ತೋಳು ಹಿಡಿದು ಮುಂದಕ್ಕೆ ದಬ್ಬಿ, ತಾವು ಹಿಂದೆ ನನ್ನ ಮತ್ತು ಸುಚಿತ್ರಾಳ ನಡುವೆ ಹತ್ತಿ ಕೂತರು.

ಇಳಿಜಾರಿನಲ್ಲಿ ಎಲೆಕ್ಟ್ರಿಕ್ ಕಾರಿಗೆ ಚಾರ್ಜ್ ತಾನೇ ತುಂಬುತ್ತದೆ. ದೇವರಾಜು ಖುಷಿಯಿಂದ "ಏರ್ತಾ ಐತೆ ಕಣವ್ವಾ, ಏರ್ತಾ ಐತೆ!" ಎನ್ನುತ್ತ ಇಳಿಸುತ್ತಿದ್ದ. ಎರಡನೇ ತಿರುವಿಗೆ ದೊಡ್ಡಲಕ್ಷ್ಮಮ್ಮನವರ ಮುಖ ಬಿಳಿಚಿತು. ಮೂರನೆಯದಕ್ಕೆ ಬಾಯಿಗೆ ಸೆರಗು ಒತ್ತಿಕೊಂಡರು. ನಾನು "ಏನಾಯ್ತು?" ಎಂದು ಬಾಯಿ ತೆರೆದೆ. ಅವರು ನನ್ನ ತೊಡೆಯನ್ನು ಬಲವಾಗಿ ಚಿವುಟಿದರು. ನಾಲ್ಕನೇ ತಿರುವಿನಲ್ಲಿ ನನ್ನ ಹೊಸ ಪಂಚೆಯ ಮೇಲೆ ಪೂರ್ತಿ ವಾಂತಿಯಾಯಿತು.

ಅಂದರೆ ಇಪ್ಪತ್ತೆರಡು ವರ್ಷ ಅವರು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ಹಿಂದಿನ ದಿನ, ಆ ಕಟ್ಟೆಯ ಮೇಲೆ ಒಂದೇ ಸಲ.

ಸದ್ದು ಕೇಳಿ ಲತಾಮಣಿ ಸೀಟಿನಲ್ಲಿ ಮಿಸುಕಿದಳು. ದೊಡ್ಡಲಕ್ಷ್ಮಮ್ಮನವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ದನಿ ಗಟ್ಟಿ ಮಾಡಿಕೊಂಡು ಹೇಳಿದರು:

"ಹಿಂದಕ್ ತಿರುಗ್ಬ್ಯಾಡ ಕಣವ್ವ. ರಸ್ತೆ ನೋಡು."

ಲತಾಮಣಿ ತಿರುಗಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸೀಟಿನ ಪಕ್ಕದಿಂದ ಅವಳ ಕೈ ಮಾತ್ರ ಹಿಂದಕ್ಕೆ ಬಂತು. ಅದರಲ್ಲಿ ನಿಂಬೆಹಣ್ಣಿತ್ತು.